ಯಾವ ಕಾಗದದ ಮ್ಯಾಲ?

ಹೋದ ಬೇಸಿಗೆಯ ಒಂದು ಮುಂಜಾನೆ. ಎದುರು ಮನೆಯ ಹುಡುಗಿ ಹಿಟ್ಟು ಮೆತ್ತಿದ ಕೈಯಲ್ಲೇ ನಮ್ಮ ಬಾಗಿಲಿಗೆ ಬಂದಳು. ನಾನು ಹುಡುಗಿ ಅಂತೀನಿ, ಅವಳಿಗೆ ಈಗ ಇಬ್ಬರು ಮಕ್ಕಳು. ನಾನು ಕಲಿಸುತ್ತಿದ್ದ ಶಾಲೆಯಲ್ಲೇ ಓದಿದವಳು. ಇವತ್ತಿಗೂ ಅವಳಿಗೆ ನಾನು ಅಕ್ಕೋರು.

"ಅಕ್ಕೋರ, ಇದನ್ನ ಒಂಚೂರು ಓದ್ರಿ. ನನಗ ಎರಡ ಸಾವಿರ ದಂಡ ಹಾಕ್ಯಾರಂತ" ಎಂದು ಮೊಬೈಲ್ ಮುಂದೆ ಹಿಡಿದಳು.

ನಮ್ಮ ಬಡಾವಣೆ ಸಂಘದ ವಾಟ್ಸಾಪ್ ಗುಂಪಿನ ಸಂದೇಶ ಅದು. ವಸತಿ ಜಾಗದಲ್ಲಿ ವ್ಯಾಪಾರ ನಡೆಸುತ್ತಿರುವುದಕ್ಕೆ 2,000 ರೂಪಾಯಿ ದಂಡ. ಏಳು ದಿನದಲ್ಲಿ ಕಟ್ಟಬೇಕು. ಕಟ್ಟದಿದ್ದರೆ ಅವರ ಮನೆಗೆ ಬರುವ ಸಿಲಿಂಡರ್ ಗಾಡಿಯನ್ನು, ನೀರಿನ ಟ್ಯಾಂಕರನ್ನು ಗೇಟಿನಲ್ಲೇ ನಿಲ್ಲಿಸಲಾಗುವುದು. ಕೆಳಗೆ ಅಧ್ಯಕ್ಷರ ಹೆಸರು. ಅದರ ಕೆಳಗೆ ಹತ್ತಾರು ಜನ ಕೈ ಮುಗಿದ ಚಿತ್ರ ಹಾಕಿದ್ದರು.

ಅವಳ ವ್ಯಾಪಾರ ಏನು ಗೊತ್ತೇ? ಖಡಕ್ ರೊಟ್ಟಿ. ಅತ್ತೆ ಸೊಸೆ ಇಬ್ಬರೂ ಬೆಳಗಿನ ನಾಲ್ಕೂವರೆಗೆ ಎದ್ದು ಜೋಳದ ರೊಟ್ಟಿ ಬಡಿಯುತ್ತಾರೆ. ಮದುವೆ ದಿನಗಳಲ್ಲಿ 300 ರೊಟ್ಟಿ, ಉಳಿದ ದಿನ ಅದರ ಅರ್ಧ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಗಂಡ ಟೆಂಪೊ ಓಡಿಸುತ್ತಾನೆ. ಮಕ್ಕಳ ಶಾಲೆಯ ಫೀ ಹೋಗುವುದು ಈ ರೊಟ್ಟಿಯಿಂದ. ಆ ತಟಪಟ ಸದ್ದು ಕೇಳಿಯೇ ನನಗೆ ಎಚ್ಚರವಾಗುತ್ತದೆ. ಒಂದು ದಿನ ಆ ಸದ್ದು ಇಲ್ಲದಿದ್ದರೆ ಅವರ ಮನೆಯಲ್ಲಿ ಯಾರಿಗೆ ಮೈ ಸರಿಯಿಲ್ಲವೋ ಎಂದು ಮನಸ್ಸು ಕಳವಳಗೊಳ್ಳುತ್ತದೆ.

ಆ ಸಂದೇಶ ಓದಿದಾಗ ನನ್ನ ಬಾಯಿಂದ ಬಂದ ಮಾತು ನನ್ನದಲ್ಲ, ನಮ್ಮ ಅಪ್ಪನದು. "ಯಾವ ಕಾಗದದ ಮ್ಯಾಲ?"

ನಮ್ಮ ಅಪ್ಪನ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಈಗ ಅದಿಲ್ಲ. ದಪ್ಪ ಮಣ್ಣಿನ ಗೋಡೆ, ನಡುವೆ ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆ, ಬಾಗಿಲಿನ ಎರಡೂ ಕಡೆ ಕಲ್ಲಿನ ಕಟ್ಟೆ. ಆಲಮಟ್ಟಿಯಲ್ಲಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಅಡಿಗಲ್ಲು ಹಾಕಿದಾಗ ನಾನು ತೊಟ್ಟಿಲ ಕೂಸು. ಹಿನ್ನೀರು ಕೃಷ್ಣೆಯಲ್ಲಷ್ಟೇ ನಿಲ್ಲುವುದಿಲ್ಲ, ಘಟಪ್ರಭೆಯಲ್ಲೂ ಹಿಂದೆ ಸರಿದು ನಮ್ಮ ಊರಿಗೆ ಬರುತ್ತದೆ ಎನ್ನುವುದು ನಮಗೆ ಅರ್ಥವಾಗಲು ಎಷ್ಟೋ ವರ್ಷ ಹಿಡಿಯಿತು. ನಾನು ಇನ್ನೂ ಮದುವೆಯಾಗಿರಲಿಲ್ಲ, ಗೋಡೆಗಳ ಮೇಲೆ ಕೆಂಪು ಬಣ್ಣದ ನಂಬರು ಬರೆಯುವವರು ಬಂದರು.

ಅಪ್ಪ ಕಿರಾಣಿ ಅಂಗಡಿ ಇಟ್ಟವರು. ಓದಿದ್ದು ಮುಲ್ಕಿ ತನಕ, ಅಂದರೆ ಏಳನೆಯ ತರಗತಿ. ಅವತ್ತು ಬಾಗಿಲಿಗೆ ಅಡ್ಡ ನಿಂತು ಕೇಳಿದರು. "ಯಾವ ಕಾಗದದ ಮ್ಯಾಲ ಬರೀತೀರಿ? ಅದನ್ನ ಮೊದಲ ತೋರಸ್ರಿ."

ಬಂದವರು ಸಿಟ್ಟಾಗಲಿಲ್ಲ. ಚೀಲದಿಂದ ಕಾಗದ ತೆಗೆದು ತೋರಿಸಿದರು. ಅಪ್ಪ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತು ಪೂರ್ತಿ ಓದಿದರು. ಆಮೇಲೆ ಸರಿದು ನಿಂತರು. ಅವ್ವ ಒಳಗೆ ಅಳುತ್ತಿದ್ದಳು.

ಭೂಸ್ವಾಧೀನಕ್ಕೆ ಆಗ ಇದ್ದದ್ದು 1894ರ ಕಾಯ್ದೆ. ಬ್ರಿಟಿಷರ ಕಾಲದ್ದು. ಅದು ಜನರ ಪರವಾದ ಕಾಯ್ದೆ ಎಂದು ನಾನು ಹೇಳುವುದಿಲ್ಲ. ಆದರೂ ಅದರಲ್ಲಿ ಮೆಟ್ಟಿಲುಗಳಿದ್ದವು. ಮೊದಲು ಈ ಜಾಗ ಬೇಕಾಗಿದೆ ಎಂದು ಸಾರುವ 4(1) ಅಧಿಸೂಚನೆ. ಮೂವತ್ತು ದಿನದೊಳಗೆ ತಕರಾರು ಹೇಳುವ ಅವಕಾಶ. ಆಮೇಲೆ ಪರಿಹಾರ ಎಷ್ಟು ಎಂದು ಗೊತ್ತು ಮಾಡುವ ಅವಾರ್ಡ್. ಕೊಟ್ಟ ಹಣ ಕಡಿಮೆ ಅನ್ನಿಸಿದರೆ 18ನೇ ಕಲಮಿನ ಪ್ರಕಾರ ಕೋರ್ಟಿಗೆ ಹೋಗಬಹುದು. ನಮ್ಮ ಊರಿನಲ್ಲಿ ಸಹಿ ಮಾಡಲು ಬಾರದ ಮುದುಕರೂ "ಫೋರ್ ಒನ್ ಆತೇನು?" ಎಂದು ಕೇಳುತ್ತಿದ್ದರು. ಅಪ್ಪನೂ ಕೋರ್ಟಿಗೆ ಹೋದರು. ವರ್ಷಗಟ್ಟಲೆ ಅಲೆದರು. ಪರಿಹಾರ ಸ್ವಲ್ಪ ಜಾಸ್ತಿಯಾಯಿತು. ಮನೆಯಂತೂ ಉಳಿಯಲಿಲ್ಲ. ಅಪ್ಪ, ಮನೆ ಮುಳುಗಿದವರಿಗೆಂದು ಕಟ್ಟಿದ ನವನಗರದ ಹೊಸ ಮನೆಯಲ್ಲಿ ಕೊನೆಯ ತನಕ ರಾತ್ರಿ ಎದ್ದು ನೀರಡಿಕೆಯಾದರೆ ಹಳೇ ಮನೆಯ ದಿಕ್ಕಿನಲ್ಲಿ ಕೊಡ ಹುಡುಕುತ್ತಿದ್ದರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅಷ್ಟು ದೊಡ್ಡ ಅಣೆಕಟ್ಟು ಕಟ್ಟಿದ ಸರ್ಕಾರವೂ ಒಬ್ಬ ಕಿರಾಣಿ ಅಂಗಡಿಯವನಿಗೆ ಕಾಗದ ತೋರಿಸಿಯೇ ಮನೆ ತೆಗೆದುಕೊಂಡಿತು. 140 ಮನೆಗಳ ಒಂದು ಬಡಾವಣೆಯ ಸಂಘ ಒಂದು ಕಾಗದವೂ ಇಲ್ಲದೆ ಒಬ್ಬ ಹೆಣ್ಣುಮಗಳ ನೀರು, ಗ್ಯಾಸ್ ನಿಲ್ಲಿಸುತ್ತೇನೆ ಅಂದರೆ ಹೇಗೆ?

ಸಂಘ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಾವು ಇಲ್ಲಿಗೆ ಬಂದಾಗ ಬೀದಿ ದೀಪ ಇರಲಿಲ್ಲ. ಇದೇ ಸಂಘದವರು ಅಲೆದಾಡಿ ಹಾಕಿಸಿದರು. 2020ರಲ್ಲಿ ಕೊರೊನಾ ಬಂದಾಗ ಮನೆಮನೆಗೆ ಕಾಯಿಪಲ್ಲೆ ಮುಟ್ಟಿಸಿದರು. ನಮ್ಮ ಮನೆಯವರಿಗೆ ಜ್ವರ ಬಂದಾಗ ರಾತ್ರಿ ಹನ್ನೊಂದಕ್ಕೆ ಮಾತ್ರೆ ತಂದುಕೊಟ್ಟವರು ಇದೇ ಅಧ್ಯಕ್ಷರು. ಅದನ್ನು ಮರೆಯಲು ನನಗಾಗದು.

ಆಮೇಲೆ ಎಲ್ಲೋ ದಾರಿ ತಪ್ಪಿತು. ಮೊದಲು ಗೇಟ್ ಬಂತು. ಗೇಟಿಗೆ ಕಾವಲುಗಾರ ಬಂದ. ತಿಂಗಳ ವಂತಿಗೆ 200 ಇದ್ದದ್ದು 750 ಆಯಿತು. ಕಾಯಿಪಲ್ಲೆ ಮಾರುವ ಮುದುಕಿ ಒಳಗೆ ಬರಬಾರದು ಎಂದರು. ಮಾಳಿಗೆ ಮೇಲೆ ಮೆಣಸಿನಕಾಯಿ, ಸಂಡಿಗೆ ಒಣ ಹಾಕಿದರೆ ಬಡಾವಣೆ ಚೆಂದ ಕಾಣುವುದಿಲ್ಲ ಎಂದರು. ಕಂಪೌಂಡಿಗೆ ಒಂದೇ ಬಣ್ಣ ಬಳಿಯಬೇಕು ಎಂದರು. ಮನೆ ಮಾರುವವರು, ಹೊಸದಾಗಿ ಕಟ್ಟುವವರು ಸಂಘಕ್ಕೆ 25,000 ರೂಪಾಯಿ ಕೊಟ್ಟು ತಕರಾರಿಲ್ಲ ಎನ್ನುವ ಪತ್ರ, ಅಂದರೆ ಎನ್‌ಒಸಿ ತರಬೇಕು ಎಂದರು. ಜನ ಕೊಟ್ಟರು ಕೂಡ. ಯಾಕೆ ಕೊಟ್ಟಿರಿ ಎಂದು ಒಬ್ಬರನ್ನು ಕೇಳಿದೆ. "ಸುಮ್ನೆ ಯಾಕ್ರಿ ಜಗಳಾ, ನಾಳೆ ಇವರ ನಡುವೆನೇ ಇರಬೇಕಲ್ರಿ" ಎಂದರು.

ಹೋಳಿ ಹುಣ್ಣಿಮೆಯ ಮಾತಂತೂ ನನಗೆ ತುಂಬಾ ನೋವು ಕೊಟ್ಟಿತು. ಬಾಗಲಕೋಟೆಯ ಹೋಳಿ ಅಂದರೆ ಸುತ್ತಿನ ಊರುಗಳ ಜನ ನೋಡಲು ಬರುವ ಹಬ್ಬ. ಬಣ್ಣದ ಬಂಡಿಗಳು, ಹಲಗಿ ಮಜಲು. ಊರು ಮುಳುಗಿದರೂ ಹಲಗಿ ಸದ್ದು ಮುಳುಗಲಿಲ್ಲ, ನವನಗರಕ್ಕೂ ಬಂತು. ನಮ್ಮ ಬಡಾವಣೆಯಲ್ಲಿ ಮಾತ್ರ ಮಕ್ಕಳು ಹಲಗಿ ಬಾರಿಸಿದರೆ ತಂದೆತಾಯಿಗೆ ದಂಡ. ಪರೀಕ್ಷೆ ಇದೆ, ಮುದುಕರಿದ್ದಾರೆ, ರಾತ್ರಿ ಹತ್ತರ ಮೇಲೆ ಬೇಡ ಎಂದಿದ್ದರೆ ನಾನೇ ಮುಂದೆ ನಿಂತು ಮಕ್ಕಳಿಗೆ ತಿಳಿಸಿ ಹೇಳುತ್ತಿದ್ದೆ. ಅವರು ಹಾಗೆ ಕೇಳಲಿಲ್ಲ.

ರೊಟ್ಟಿ ಹುಡುಗಿಯ ಸಂದೇಶ ಬಂದ ಮೇಲೆ ನಾನು ಸಂಘದ ಬೈಲಾ, ಅಂದರೆ ನಿಯಮಗಳ ಪುಸ್ತಕ ಕೇಳಿದೆ. ಕಾರ್ಯದರ್ಶಿಯವರು ನಾಳೆ ಕೊಡ್ತೀನಿ ಮೇಡಮ್ಮಾರ ಅಂದರು. ನಾಳೆ ಎನ್ನುವುದು ಮೂರು ವಾರ ನಡೆಯಿತು. ಕೊನೆಗೆ ನಾನೂ ನಮ್ಮ ಮನೆಯವರೂ ಸಂಘಗಳ ನೋಂದಣಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಪ್ರತಿ ತಂದೆವು. ಒಂಬತ್ತು ಪುಟ. ಎರಡು ಸಲ ಓದಿದೆ. ಗಿಡ ನೆಡುವುದು, ಸ್ವಚ್ಛತೆ, ಹಬ್ಬ ಆಚರಿಸುವುದು, ಅಧಿಕಾರಿಗಳಿಗೆ ಮನವಿ ಕೊಡುವುದು ಎಲ್ಲಾ ಇತ್ತು. ದಂಡ ಎನ್ನುವ ಶಬ್ದ ಎಲ್ಲೂ ಇರಲಿಲ್ಲ. ಎನ್‌ಒಸಿ ಎನ್ನುವುದೂ ಇರಲಿಲ್ಲ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬಹಳ ಜನರಿಗೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಅಪಾರ್ಟ್‌ಮೆಂಟ್ ಬೇರೆ, ನಮ್ಮಂಥ ಸೈಟುಗಳ ಬಡಾವಣೆ ಬೇರೆ. ಅಪಾರ್ಟ್‌ಮೆಂಟಿಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಅಲ್ಲಿ ಮೆಟ್ಟಿಲು, ಲಿಫ್ಟು, ಮಾಳಿಗೆ ಎಲ್ಲರ ಪಾಲಿನದು. ಅದರ ಖರ್ಚು ಹಂಚಿಕೊಳ್ಳಲೇಬೇಕು. ನಮ್ಮಲ್ಲಿ ಹಾಗಲ್ಲ. ನನ್ನ ಸೈಟು ನನ್ನದು. ರಸ್ತೆ, ಉದ್ಯಾನ ಬಡಾವಣೆ ಮಾಡಿದವರು ಸರ್ಕಾರಿ ಸಂಸ್ಥೆಗೆ ಬಿಟ್ಟುಕೊಟ್ಟದ್ದು. ಅಂದರೆ ಆ ರಸ್ತೆ ಸಾರ್ವಜನಿಕರದು. ಕಾಯಿಪಲ್ಲೆ ಮುದುಕಿಯದೂ ಹೌದು. ಸಂಘ ನೋಂದಣಿಯಾಗಿರುವುದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ. ಏಳು ಜನ ಸೇರಿದರೆ ಅಂಥದ್ದೊಂದು ಸಂಘ ಮಾಡಬಹುದು. ಭಜನಾ ಸಂಘವೂ ಅದೇ ಕಾಯ್ದೆಯಡಿ ನೋಂದಣಿಯಾಗುತ್ತದೆ. ಅದರ ನಿಯಮ ಸದಸ್ಯರಾಗಿ ಸಹಿ ಹಾಕಿದವರಿಗೆ. ರೊಟ್ಟಿ ಹುಡುಗಿಯ ಮನೆಯವರು ಸದಸ್ಯರೇ ಆಗಿರಲಿಲ್ಲ. ಖಾತೆ ಬದಲಾವಣೆ, ಕಟ್ಟಡ ಪರವಾನಗಿ ಇವೆಲ್ಲ ಸ್ಥಳೀಯ ಸಂಸ್ಥೆಯ ಕೆಲಸ. ಅದಕ್ಕೆ ಸಂಘದ ಎನ್‌ಒಸಿ ಯಾರೂ ಕೇಳುವುದಿಲ್ಲ.

ನಮ್ಮ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅವನಿಗೆ ಫೋನಿನಲ್ಲಿ ಹೇಳಿದರೆ, "ಚಿಕ್ಕಮ್ಮಾ, ಇಲ್ಲಿ ಮನಿ ಖರೀದಿ ಕಾಗದದ ಜೋಡಿನೇ ಸಂಘನೂ ಕೊರಳಿಗೆ ಬೀಳತೈತಿ" ಎಂದ. ಅಲ್ಲಿ ಬಹಳ ಕಡೆ ಸದಸ್ಯರಾಗದೆ ಮನೆ ಕೊಳ್ಳುವ ಹಾಗಿಲ್ಲ. ಹುಲ್ಲು ಎತ್ತರ ಬೆಳೆದರೂ ದಂಡ ಹಾಕಬಹುದು. ತಮ್ಮ ಮನೆಯ ಮೇಲೆ ತಮ್ಮ ದೇಶದ ಬಾವುಟ ಹಾರಿಸಲು ಸಂಘ ಬೇಡ ಅನ್ನಬಾರದು ಎಂದು 2006ರಲ್ಲಿ ಅಲ್ಲಿನ ಸರ್ಕಾರ ಕಾನೂನೇ ತರಬೇಕಾಯಿತು. ನಮ್ಮಲ್ಲಿ ಅಂಥ ಕಾಗದಕ್ಕೆ ಯಾರೂ ಸಹಿ ಹಾಕಿಲ್ಲ. ಆದರೂ ನಾವು ಸಹಿ ಹಾಕಿದವರ ಹಾಗೇ ಹೆದರುತ್ತಿದ್ದೆವು.

ರೊಟ್ಟಿ ಹುಡುಗಿಯ ಬಳಿ ಮಾತ್ರ ಕಾಗದವಿತ್ತು. ಆಹಾರ ಸುರಕ್ಷತೆಯ ನೋಂದಣಿ ಪತ್ರ. ವರ್ಷಕ್ಕೆ 100 ರೂಪಾಯಿ ಶುಲ್ಕದ್ದು. ಟ್ರಂಕಿನಲ್ಲಿ ಸೀರೆಗಳ ಕೆಳಗೆ ಜೋಪಾನವಾಗಿ ಇಟ್ಟಿದ್ದಳು. ಅದನ್ನು ತೆಗೆದು ಗೋಡೆಗೆ ಹಾಕಲು ಹೇಳಿದೆ. ಹಿಟ್ಟಿನ ಗಿರಣಿ ಹಾಕಿ ರಾತ್ರಿಯೆಲ್ಲಾ ಓಡಿಸಿದ್ದರೆ ನಾನೂ ತಕರಾರು ಮಾಡುತ್ತಿದ್ದೆ. ಅದನ್ನು ಕೇಳಲು ಕಚೇರಿಗಳಿವೆ.

ನಾನು ಬೈಲಾ ಬಗ್ಗೆ ಗುಂಪಿನಲ್ಲಿ ಬರೆದ ಹದಿನೈದು ದಿನಕ್ಕೆ 18 ಮನೆಗಳಿಗೆ ನೋಟಿಸು ಬಂತು. ಈ ಸಲ ಸಂಘದ್ದಲ್ಲ, ಸರ್ಕಾರಿ ಕಚೇರಿಯದು. ಮನೆ ಮುಂದಿನ ಕಟ್ಟೆ, ಮೆಟ್ಟಿಲು ಅತಿಕ್ರಮಣ, ಮೂರು ದಿನದಲ್ಲಿ ತೆರವು ಮಾಡಿ, ಇಲ್ಲದಿದ್ದರೆ ನಾವೇ ಕೆಡವಿ ಖರ್ಚು ವಸೂಲಿ ಮಾಡುತ್ತೇವೆ ಎಂದಿತ್ತು. ದೂರು ಕೊಟ್ಟವರು ಸಂಘದವರು. ಆ 18ರಲ್ಲಿ ನಮ್ಮ ಮನೆಯೂ ಇತ್ತು.

ನಮ್ಮ ಕಟ್ಟೆಯ ಮೇಲಿನ ಎರಡು ಕಲ್ಲು ಹಳೇ ಮನೆಯವು. ಮನೆ ಕೆಡವುವ ಮೊದಲು ಅಪ್ಪ ಬಂಡಿಯಲ್ಲಿ ತಂದು ನವನಗರದಲ್ಲಿ ಇಟ್ಟುಕೊಂಡಿದ್ದರು. ನಾವು ಇಲ್ಲಿ ಮನೆ ಕಟ್ಟಿದಾಗ ನನಗೆ ಕೊಟ್ಟರು. ಆ ನೋಟಿಸು ಓದಿದ ರಾತ್ರಿ ನಾನು ಹೋಗಿ ಆ ಕಲ್ಲಿನ ಮೇಲೆ ಬಹಳ ಹೊತ್ತು ಕೂತೆ. ಬಿಸಿಲಿಗೆ ಕಾದದ್ದು ಇನ್ನೂ ಆರಿರಲಿಲ್ಲ.

ಮರುದಿನ ನಮ್ಮ ಪರಿಚಯದ ಒಬ್ಬ ವಕೀಲರ ಬಳಿ ಹೋದೆವು. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಅವರು ತೋರಿಸಿದರು. ಯಾವುದೇ ಕಟ್ಟಡ ಕೆಡವುವ ಮೊದಲು ಕನಿಷ್ಠ 15 ದಿನದ ನೋಟಿಸು ಕೊಡಬೇಕು, ಮಾಲೀಕರ ಮಾತು ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು, ತಪ್ಪಿದರೆ ಅಧಿಕಾರಿ ತನ್ನ ಕೈಯಿಂದಲೇ ನಷ್ಟ ತುಂಬಬೇಕು. ಓದಿ ನನಗೆ ಜೀವ ಬಂದಂತಾಯಿತು. ವಕೀಲರು, "ನಿಲ್ಲ್ರಿ ಅಕ್ಕಾರ, ಮುಂದೂ ಓದ್ರಿ" ಎಂದರು. ಸಾರ್ವಜನಿಕ ರಸ್ತೆ, ಫುಟ್‌ಪಾತ್ ಇಂಥ ಜಾಗದಲ್ಲಿ ಅನಧಿಕೃತವಾಗಿ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಅಂದರೆ ಮೊದಲು ಗೊತ್ತಾಗಬೇಕಾದದ್ದು ಒಂದೇ. ನಮ್ಮ ಕಟ್ಟೆ ನಮ್ಮ ಜಾಗದಲ್ಲಿದೆಯೋ, ರಸ್ತೆಯಲ್ಲಿದೆಯೋ?

18 ಮನೆಯವರೂ ಒಂದೇ ಮಾತು ಬರೆದು ಕೊಟ್ಟೆವು. ಅಳತೆ ಮಾಡಿ ತೋರಿಸಿ, ಆಮೇಲೆ ಹೇಳಿ. ಪ್ರತಿಯೊಬ್ಬರೂ ಕ್ರಯಪತ್ರದ ಪ್ರತಿ ಲಗತ್ತಿಸಿದೆವು. ಕೊಟ್ಟ ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಮೂರು ದಿನ ಕಳೆಯಿತು, ಯಾರೂ ಬರಲಿಲ್ಲ. ಮೂರು ವಾರದ ಮೇಲೆ ಸರ್ವೇಯರ್ ಟೇಪು ಹಿಡಿದು ಬಂದರು. ಹಗಲೆಲ್ಲಾ ಅಳೆದರು. ಪಾಪ, ಒಳ್ಳೆಯ ಮನುಷ್ಯ. 11 ಮನೆಗಳ ಕಟ್ಟೆ ಅವರವರ ಸೈಟಿನೊಳಗೇ ಇತ್ತು. ಏಳು ಮನೆಗಳದು ಗಟಾರದ ಮೇಲೆ ಬಂದಿತ್ತು.

ನಮ್ಮದು ಆ ಏಳರಲ್ಲಿ ಒಂದು. ಒಂದೂವರೆ ಅಡಿ.

ನಾವು ಮರುದಿನವೇ ಗೌಂಡಿಯನ್ನು ಕರೆಸಿ ಒಡೆಸಿದೆವು. ಅಪ್ಪನ ಎರಡು ಕಲ್ಲನ್ನು ಹುಷಾರಾಗಿ ತೆಗೆದು ಒಳಗೆ ಸರಿಸಿ ಮತ್ತೆ ಕೂಡಿಸಿದೆವು. ಕಟ್ಟೆ ಈಗ ಕಿರಿದಾಗಿದೆ. ಮೊದಲು ನಾಲ್ವರು ಕೂರುತ್ತಿದ್ದಲ್ಲಿ ಈಗ ಇಬ್ಬರು. ಅದರ ಬಗ್ಗೆ ನನಗೆ ಬೇಸರವಿದೆ, ಸಿಟ್ಟಿಲ್ಲ. ಗಟಾರ ಎಲ್ಲರದು. ಅಳೆದು ತೋರಿಸಿದರು, ನಾವು ಒಪ್ಪಿದೆವು. ಉಳಿದ 11 ಮನೆಗಳ ಕಟ್ಟೆಯನ್ನು ಮೂರು ದಿನದ ನೋಟಿಸಿಗೆ ಹೆದರಿ ಅವರೇ ಒಡೆದುಕೊಂಡಿದ್ದರೆ? ಇಬ್ಬರು ಗೌಂಡಿಗೆ ಹೇಳಿಯೂ ಆಗಿತ್ತು.

ಆಮೇಲೆ ಸಂಘದ ಲೆಕ್ಕ. ಸದಸ್ಯರಲ್ಲಿ ಮೂರನೇ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಜನ ಅರ್ಜಿ ಕೊಟ್ಟರೆ ನೋಂದಣಾಧಿಕಾರಿಗಳು ಸಂಘದ ವ್ಯವಹಾರದ ವಿಚಾರಣೆ ಮಾಡಬೇಕು ಎಂದು 1960ರ ಕಾಯ್ದೆಯ 25ನೇ ಕಲಮಿನಲ್ಲಿದೆ. ನಮ್ಮಲ್ಲಿ 96 ಸದಸ್ಯರು. 32 ಸಹಿ ಸಾಕು. 41 ಸಿಕ್ಕವು. ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳೇ ಓಡಾಡಿ ತಂದದ್ದು. ಅರ್ಜಿ ಕೊಡುವ ಮೊದಲು ಅದರ ಪ್ರತಿಯನ್ನು ಅಧ್ಯಕ್ಷರ ಮನೆಗೆ ನಾನೇ ಒಯ್ದು ಕೊಟ್ಟೆ. ಬೆನ್ನ ಹಿಂದೆ ಮಾಡುವ ಕೆಲಸ ಅದಲ್ಲ.

ಅವರು ಸಭೆ ಕರೆದರು. ಹನಮಪ್ಪನ ಗುಡಿಯ ಮುಂದಿನ ತಗಡಿನ ಕೆಳಗೆ. ಅಷ್ಟು ಜನ ಯಾವತ್ತೂ ಸೇರಿರಲಿಲ್ಲ. "ಮೇಡಮ್ಮಾರ, ನೀವು ಲೇಔಟಿನ ಮರ್ಯಾದಿ ಕಳೀಲಿಕ್ಕತ್ತೀರಿ" ಎಂದು ಅಧ್ಯಕ್ಷರು ಶುರು ಮಾಡಿದರು. ನಾನು ಬಾಯಿ ತೆಗೆಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಕಾಕಾ ಎದ್ದರು. ಹಳ್ಳಿಯ ಹೊಲ ಹಿನ್ನೀರಿಗೆ ಹೋಗಿ ಇಲ್ಲಿ ಬಂದು ಮನೆ ಕಟ್ಟಿದವರು. ಯಾವತ್ತೂ ಮಾತಾಡಿದವರಲ್ಲ.

"ಸಾಹೇಬ್ರ, ನಮ್ಮ ರೊಕ್ಕದ ಲೆಕ್ಕಾ ಕೇಳಿದ್ರ ಮರ್ಯಾದಿ ಹ್ಯಾಂಗ ಹೊಕ್ಕೈತ್ರಿ? ನಾ ಹೊಲಾ ಕೊಟ್ಟೀನಿ, ಅದರ ಲೆಕ್ಕಾ ಸರ್ಕಾರ ಕೊಟ್ಟೈತಿ. ಹೆಚ್ಚೋ ಕಮ್ಮಿಯೋ, ಕೊಟ್ಟೈತಿ. ನೀವೂ ಕೊಡ್ರಿ."

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಮ್ಮೆಲೇ ಮಾತಾಡಿದರು.

ದಂಡಗಳೆಲ್ಲ ರದ್ದಾದವು. ಎನ್‌ಒಸಿ ಹಣ ವಾಪಸ್ ಕೊಡುವ ಮಾತು ಬಂದಿದೆ, ಇನ್ನೂ ಕೊಟ್ಟಿಲ್ಲ. ಎರಡು ವರ್ಷದ ಆಡಿಟ್ ಆಗಿರಲಿಲ್ಲ, ಈಗ ಮಾಡಿಸುತ್ತಿದ್ದಾರೆ. ಗೇಟ್ ರಾತ್ರಿ ಮಾತ್ರ ಹಾಕುತ್ತಾರೆ, ಕಾವಲುಗಾರ ಯಾರನ್ನೂ ತಡೆಯುವುದಿಲ್ಲ. ಕಾಯಿಪಲ್ಲೆ ಮುದುಕಿ ಮತ್ತೆ ಬರುತ್ತಾಳೆ.

ಬೆಲೆಯನ್ನೂ ತೆತ್ತಿದ್ದೇವೆ. ದಸರೆಯಲ್ಲಿ ಬನ್ನಿ ಕೊಡಲು ಅಧ್ಯಕ್ಷರ ಮನೆಗೆ ಹೋದೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಅಂದೆ. ಅವರ ಮನೆಯವರು ಬಾಗಿಲಲ್ಲೇ ನಿಂತು ತೆಗೆದುಕೊಂಡರು, ಒಳಗೆ ಕರೆಯಲಿಲ್ಲ. ಹತ್ತು ವರ್ಷ ಅವರ ಅಡುಗೆಮನೆಯಲ್ಲಿ ಕೂತು ಚಹಾ ಕುಡಿದವಳು ನಾನು. ಬರುವಾಗ ದಾರಿಯಲ್ಲಿ ಕಣ್ಣು ತುಂಬಿತು. ನಾನು ಇನ್ನೊಂದು ಸಲ ಹೋಗುತ್ತೇನೆ, ಸಂಕ್ರಾಂತಿಗೆ ಎಳ್ಳು ಕೊಡಲು.

ಈಗ ನಮ್ಮ ಮುಂದಿರುವುದು ಉದ್ಯಾನದ ಜಾಗ. 32 ಗುಂಟೆ. ನಾಲ್ಕು ಬೇವಿನ ಮರ, ಮಕ್ಕಳ ಕ್ರಿಕೆಟ್, ಸಂಜೆ ಮುದುಕರ ಓಡಾಟ. ಅಲ್ಲಿ ಸಮುದಾಯ ಭವನ, ಅದರ ಮುಂದೆ ಬಾಡಿಗೆಗೆ ಎಂಟು ಅಂಗಡಿ ಕಟ್ಟುವ ನಕಾಶೆ ಓಡಾಡುತ್ತಿದೆ. ಅನುದಾನ ಬರುತ್ತದಂತೆ. ಭವನ ಬೇಕು ಅನ್ನುವವರೂ ಇದ್ದಾರೆ, ಮದುವೆ ಮಾಡಲು ಜಾಗವಿಲ್ಲ ಎನ್ನುವುದೂ ನಿಜ. ಆದರೆ ಉದ್ಯಾನ ಎಂದು ಬಿಟ್ಟ ಜಾಗವನ್ನು ಹಾಗೆ ಬೇರೆಯದಕ್ಕೆ ತಿರುಗಿಸಲು ಬರುವುದಿಲ್ಲ. ಉದ್ಯಾನ, ಆಟದ ಮೈದಾನ ಉಳಿಸಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಆಸ್ಪತ್ರೆ ಒಳ್ಳೆಯದೇ, ಆದರೂ ಉದ್ಯಾನದ ಜಾಗ ಅದಕ್ಕಲ್ಲ ಎಂದಿತು. ಕೇಳಿದವರು ಅಲ್ಲಿ ವಾಸವಿದ್ದ ಸಾಮಾನ್ಯ ಜನ, ನಮ್ಮ ಹಾಗೆ.

ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಶಬ್ದ ದಾಟಬಾರದು, ಒಂದೇ ವಿಷಯ ಇರಬೇಕು. ನನಗೆ ಅಷ್ಟು ಶಬ್ದವೂ ಬೇಕಾಗಲಿಲ್ಲ. ಮಂಜೂರಾದ ಬಡಾವಣೆ ನಕಾಶೆಯ ಪ್ರತಿ ಕೊಡಿ, ರಸ್ತೆ ಮತ್ತು ಉದ್ಯಾನ ಬಿಟ್ಟುಕೊಟ್ಟ ಪತ್ರದ ಪ್ರತಿ ಕೊಡಿ. 30 ದಿನ ಕಳೆದರೂ ಉತ್ತರವಿಲ್ಲ. ಮೊದಲ ಮೇಲ್ಮನವಿ ಹಾಕಿದೆ. ಅದಾದ ಮೇಲೆ ಒಂದು ಶುಕ್ರವಾರ ಕಂದು ಲಕೋಟೆ ಬಂತು.

ನಕಾಶೆ ಮಸುಕಾಗಿದೆ. ಆದರೂ ಓದಬಹುದು. ನಮ್ಮ ಗುಡಿಯ ಪಕ್ಕದ ಆ ಚೌಕದೊಳಗೆ ಕೈಬರಹದಲ್ಲಿ "ಉದ್ಯಾನವನ" ಎಂದು ಬರೆದಿದೆ. ಮೂಲೆಯಲ್ಲಿ ಮುದ್ರೆ, ಸಹಿ.

ನವನಗರಕ್ಕೆ ಹೋಗಿ 140 ಪ್ರತಿ ಝೆರಾಕ್ಸ್ ಮಾಡಿಸಿಕೊಂಡು ಬಂದೆ. ಭಾನುವಾರ ಬೆಳಿಗ್ಗೆ ನಾನು ಮತ್ತು ರೊಟ್ಟಿ ಹುಡುಗಿ ಮನೆಮನೆಗೆ ಹೊರಟೆವು. ಅವಳ ಕಂಕುಳಲ್ಲಿ ಕಟ್ಟು. ಮೊದಲ ಬೀದಿಯ ಮೂಲೆ ಮನೆಯ ಅಜ್ಜಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಮ್ಮನ್ನು ನೋಡಿ ಸರಿದು ಜಾಗ ಮಾಡಿದಳು.

"ಬರ್ರಿ ಅಕ್ಕೋರ, ಕುಂಡ್ರಿ. ಇದ್ಯಾವ ಕಾಗದಾ?"